ತೆರೆಯಲ್ಲಿ ಸೋತರೂ ತರಗತಿಯಲ್ಲಿ ಗೆದ್ದ ಋತ್ವಿಕ್ ಘಟಕ್

ಚಿತ್ರನಿರ್ದೇಶಕನೊಬ್ಬನ ಸಾಧನೆಯನ್ನು ಅಳೆಯುವ ಮಾನದಂಡ ಯಾವುದು? ಗಲ್ಲಾಪೆಟ್ಟಿಗೆಯ ಗಳಿಕೆಯೊಂದೇ ಎನ್ನುವುದಾದರೆ ಬಂಗಾಳದ ಋತ್ವಿಕ್ ಘಟಕ್ ಸೋತವರ ಸಾಲಿಗೆ ಸೇರುತ್ತಾರೆ. ಅವರು ಪೂರ್ಣಗೊಳಿಸಿದ ಕಥಾಚಿತ್ರಗಳು ಕೇವಲ ಎಂಟು. ಅವುಗಳಲ್ಲಿ ಹಣ ತಂದುಕೊಟ್ಟದ್ದು ಒಂದೇ ಒಂದು. ಮೊದಲ ಚಿತ್ರ ಮತ್ತು ಕೊನೆಯ ಚಿತ್ರ ಎರಡೂ ಬಿಡುಗಡೆಯಾದದ್ದು ಅವರ ಮರಣಾನಂತರ. ಆದರೆ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಅವರು ಅಧ್ಯಾಪಕರಾಗಿ ಕಳೆದ ಅಲ್ಪಾವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಈ ತೀರ್ಪು ತಲೆಕೆಳಗಾಗುತ್ತದೆ.

ಗಡಿ ಸೀಳಿದ ಬದುಕು

ಘಟಕ್ ಹುಟ್ಟಿದ್ದು 1925ರ ನವೆಂಬರ್ 4ರಂದು, ಢಾಕಾದಲ್ಲಿ. ತಂದೆ ಸುರೇಶ್ ಚಂದ್ರ ಘಟಕ್ ಜಿಲ್ಲಾ ಮ್ಯಾಜಿಸ್ಟ್ರೇಟರಾಗಿದ್ದವರು. ಪೂರ್ವ ಬಂಗಾಳದ ನದಿಗಳ ನಡುವೆ ಬಾಲ್ಯ ಕಳೆಯಿತು. 1943ರ ಭೀಕರ ಕ್ಷಾಮ ಮತ್ತು 1947ರ ದೇಶವಿಭಜನೆ ಅವರ ತಾರುಣ್ಯವನ್ನು ರೂಪಿಸಿದವು. ತವರು ಪರದೇಶವಾಯಿತು. ಅವರ ಅವಳಿ ಸಹೋದರಿ ಪ್ರತೀತಿ ದೇವಿ ಗಡಿಯಾಚೆಯೇ ನೆಲೆಸಿದರು.

1948ರಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾವನ್ನು ಸೇರಿದ ಅವರು ನಾಟಕ ಬರೆದರು, ಆಡಿಸಿದರು, ಅಭಿನಯಿಸಿದರು. ನಾಟಕಕ್ಕಿಂತ ಹೆಚ್ಚು ಜನರನ್ನು ತಲುಪಬಲ್ಲ ಮಾಧ್ಯಮವೆಂಬ ಕಾರಣಕ್ಕೇ ಸಿನಿಮಾಕ್ಕೆ ಬಂದದ್ದಾಗಿ ಅವರು ಹೇಳಿಕೊಂಡಿದ್ದರು. ಇದಕ್ಕಿಂತ ಸಮರ್ಥ ಮಾಧ್ಯಮ ಸಿಕ್ಕರೆ ಸಿನಿಮಾವನ್ನೂ ಬಿಟ್ಟುಬಿಡುವೆನೆಂದು ಹೇಳುವಷ್ಟು ನಿಷ್ಠುರತೆ ಅವರದು. ತಾತ್ತ್ವಿಕ ಭಿನ್ನಾಭಿಪ್ರಾಯಗಳಿಂದಾಗಿ 1955ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ಉಚ್ಚಾಟನೆಗೊಂಡರೂ ಈ ನಿಷ್ಠುರತೆ ಕುಗ್ಗಲಿಲ್ಲ.

ದುರದೃಷ್ಟ ಮೊದಲ ಚಿತ್ರದಿಂದಲೇ ಬೆನ್ನುಹತ್ತಿತು. ‘ನಾಗರಿಕ್’ ಚಿತ್ರ 1952ರಲ್ಲಿಯೇ, ಎಂದರೆ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಗೆ ಮೂರು ವರ್ಷ ಮೊದಲೇ ಸಿದ್ಧವಾಗಿತ್ತು. ಅದು ತೆರೆಕಂಡದ್ದು ಮಾತ್ರ 1977ರಲ್ಲಿ. ನಡುವೆ ಮುಂಬಯಿಗೆ ತೆರಳಿದ ಘಟಕ್, ಬಿಮಲ್ ರಾಯ್ ಅವರ ಜನಪ್ರಿಯ ಹಿಂದಿ ಚಿತ್ರ ‘ಮಧುಮತಿ’ಗೆ (1958) ಕಥೆ ಒದಗಿಸಿದರು. ಆದರೆ ಅಲ್ಲಿನ ಕಥೆಗಾರನ ಸಂಬಳಕ್ಕೆ ಅವರು ಒಗ್ಗಿಕೊಳ್ಳಲಿಲ್ಲ. ಕಲ್ಕತ್ತೆಗೆ ಮರಳಿ ಹಳೆಯ ಟ್ಯಾಕ್ಸಿಯೊಂದನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವ ಚಾಲಕನ ಕಥೆಯಾದ ‘ಅಜಾಂತ್ರಿಕ್’ (1958) ತೆಗೆದರು.

ಮೂರು ಚಿತ್ರ, ಒಂದೇ ಗಾಯ

1960ರ ‘ಮೇಘೆ ಢಾಕಾ ತಾರಾ’ ಘಟಕ್ ಅವರಿಗೆ ಹಣ ತಂದ ಏಕೈಕ ಚಿತ್ರ. ಕಲ್ಕತ್ತೆಯ ಅಂಚಿನ ನಿರಾಶ್ರಿತರ ಕಾಲೊನಿಯಲ್ಲಿ ಇಡೀ ಕುಟುಂಬವನ್ನು ಸಾಕುವ ನೀತಾ ಕೊನೆಗೆ ಕ್ಷಯರೋಗಕ್ಕೆ ತುತ್ತಾಗುತ್ತಾಳೆ. ಆಕೆಯ ದುಡಿಮೆಯನ್ನು ಉಂಡವರೇ ಆಕೆಯನ್ನು ಮರೆಯುತ್ತಾರೆ. ನೀತಾಳ ಎದೆಯ ನೋವನ್ನು ಸೂಚಿಸಲು ಘಟಕ್ ಧ್ವನಿಪಥದಲ್ಲಿ ಚಾಟಿಯೇಟಿನ ಸದ್ದನ್ನು ಬಳಸಿದರು. ದೃಶ್ಯದಲ್ಲಿ ಚಾಟಿಯೂ ಇಲ್ಲ, ಹೊಡೆಯುವವರೂ ಇಲ್ಲ. ಪ್ರೇಕ್ಷಕನಿಗೆ ಪೆಟ್ಟು ಮಾತ್ರ ಕೇಳುತ್ತದೆ.

‘ಕೋಮಲ್ ಗಾಂಧಾರ್’ (1961) ಚಿತ್ರದಲ್ಲಿ ಕ್ಯಾಮೆರಾ ರೈಲು ಹಳಿಯ ಮೇಲೆ ವೇಗವಾಗಿ ಧಾವಿಸಿ, ಪದ್ಮಾ ನದಿಯ ದಡದಲ್ಲಿ ಹಳಿ ಮುಗಿಯುವಲ್ಲಿ ಥಟ್ಟನೆ ನಿಲ್ಲುತ್ತದೆ, ತೆರೆ ಕಪ್ಪಾಗುತ್ತದೆ. ಹಿಂದೆ ಎರಡು ಬಂಗಾಳಗಳನ್ನು ಜೋಡಿಸುತ್ತಿದ್ದ ದಾರಿ ಈಗ ತುಂಡಾಗಿದೆ ಎಂಬುದನ್ನು ಹೇಳಲು ಬೇರೆ ಮಾತು ಬೇಕಿಲ್ಲ. ಈ ಚಿತ್ರ ಸೋತಿತು. 1962ರಲ್ಲಿ ಮುಗಿದ ‘ಸುವರ್ಣರೇಖಾ’ ಬಿಡುಗಡೆಗಾಗಿ ಮೂರು ವರ್ಷ ಕಾಯಬೇಕಾಯಿತು. ವಿಭಜನೆಯ ಗಾಯವನ್ನೇ ಮತ್ತೆ ಮತ್ತೆ ಮುಟ್ಟಿದ ಈ ಮೂರು ಚಿತ್ರಗಳು ಇಂದು ಅವರ ಕೀರ್ತಿಯ ಆಧಾರಸ್ತಂಭಗಳು. ಆದರೆ ಅಂದು ಅವು ನಿರ್ದೇಶಕನನ್ನು ಸಾಲ ಮತ್ತು ಕುಡಿತದೆಡೆಗೆ ದೂಡಿದವು.

ಪುಣೆಯ ದಿನಗಳು

ಪ್ರಭಾತ್ ಸ್ಟುಡಿಯೋದ ಹಳೆಯ ಆವರಣದಲ್ಲಿ 1960ರಲ್ಲಿ ಆರಂಭವಾಗಿದ್ದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಘಟಕ್ ಆ ದಶಕದ ಮಧ್ಯಭಾಗದಲ್ಲಿ ಬಂದರು, ಉಪಪ್ರಾಂಶುಪಾಲರೂ ಆದರು. ಆವರಣದ ಮಾವಿನ ಮರದಡಿ ಅವರು ವಿದ್ಯಾರ್ಥಿಗಳೊಡನೆ ಕುಳಿತು ಚರ್ಚಿಸುತ್ತಿದ್ದರೆಂಬ ನೆನಪು ಸಂಸ್ಥೆಯ ಪರಂಪರೆಯಲ್ಲಿ ಉಳಿದುಬಂದಿದೆ. ಉಪನಿಷತ್ತು, ಮಹಾಕಾವ್ಯ, ಮಾರ್ಕ್ಸ್, ಯೂಂಗ್, ಐಸೆನ್‌ಸ್ಟೈನ್ ಎಲ್ಲವೂ ಅವರ ಚಿಂತನೆಯ ಭಾಗವಾಗಿದ್ದವು. ಮೌನವನ್ನೂ ಅವರು ಸಿನಿಮಾದ ಧ್ವನಿಯ ಒಂದು ಅಂಗವೆಂದೇ ಪರಿಗಣಿಸಿದ್ದರು.

ಗುರುವಿನ ಹಿರಿಮೆ ತಿಳಿಯುವುದು ಶಿಷ್ಯರಿಂದ. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಮೂವರೂ ಘಟಕ್ ಅವರಲ್ಲಿ ಕಲಿತವರು. ಗಮನಾರ್ಹ ಸಂಗತಿಯೆಂದರೆ, ಇವರಲ್ಲಿ ಯಾರೊಬ್ಬರೂ ಗುರುವನ್ನು ಅನುಕರಿಸಲಿಲ್ಲ. ಘಟಕ್ ಅವರದು ಭಾವೋದ್ರೇಕದ ಸಿನಿಮಾ. ಕೌಲ್ ತಮ್ಮ ‘ಉಸ್ಕಿ ರೋಟಿ’ಯಲ್ಲಿ ಭಾವೋದ್ರೇಕವನ್ನು ಸಂಪೂರ್ಣವಾಗಿ ತೊರೆದರು. ಶಹಾನಿ ‘ಮಾಯಾ ದರ್ಪಣ್’ (1972) ಮೂಲಕ ಬಣ್ಣ ಮತ್ತು ಲಯದ ಹಾದಿ ಹಿಡಿದರು.

ಜಾನ್ ಅವರ ಕಥೆ ಕನ್ನಡಿಗರಿಗೆ ತುಸು ಹತ್ತಿರದ್ದು. ಪುಣೆಗೆ ಹೋಗುವ ಮುನ್ನ ಅವರು ಬಳ್ಳಾರಿಯ ಜೀವವಿಮಾ ನಿಗಮದ ಕಚೇರಿಯಲ್ಲಿ ನೌಕರರಾಗಿದ್ದರು. ಅದನ್ನು ಬಿಟ್ಟು ಸಿನಿಮಾ ಕಲಿತ ಅವರು, ಮುಂದೆ ಕೇರಳದಲ್ಲಿ ‘ಒಡೆಸ್ಸಾ’ ಎಂಬ ಬಳಗ ಕಟ್ಟಿ, ಜನರಿಂದಲೇ ಸಣ್ಣ ಸಣ್ಣ ಮೊತ್ತ ಸಂಗ್ರಹಿಸಿ ‘ಅಮ್ಮ ಅರಿಯಾನ್’ (1986) ತಯಾರಿಸಿದರು. ನಿರ್ಮಾಪಕನ ಹಂಗಿಲ್ಲದೆ ಚಿತ್ರ ಮಾಡುವ ಹಂಬಲ ಗುರುವಿನದಾಗಿತ್ತು. ಅದಕ್ಕೊಂದು ಮಾರ್ಗ ಹುಡುಕಿದವರು ಶಿಷ್ಯ.

ಕೊನೆಯ ಅಧ್ಯಾಯ

ಪುಣೆಯಿಂದ ಮರಳಿದ ಮೇಲೆ ಘಟಕ್ ಅವರ ಆರೋಗ್ಯ ಹದಗೆಟ್ಟಿತು. ಮಾನಸಿಕ ಚಿಕಿತ್ಸಾಲಯದಲ್ಲೂ ಇರಬೇಕಾಯಿತು. 1970ರಲ್ಲಿ ಪದ್ಮಶ್ರೀ ಸಂದಿತು. ಬಾಂಗ್ಲಾದೇಶ ಉದಯಿಸಿದ ಬಳಿಕ ಅಲ್ಲಿಗೆ ತೆರಳಿ, ಬೆಸ್ತರ ಬದುಕನ್ನು ಕುರಿತ ‘ತಿತಾಶ್ ಏಕ್ಟಿ ನದೀರ್ ನಾಮ್’ (1973) ನಿರ್ದೇಶಿಸಿದರು. ಕಳೆದುಕೊಂಡ ನದಿಗೆ ಕ್ಯಾಮೆರಾದೊಂದಿಗೆ ಮರಳಿದ ಸಂದರ್ಭವದು. 1974ರ ‘ಜುಕ್ತಿ ತಕ್ಕೋ ಆರ್ ಗಪ್ಪೋ’ದಲ್ಲಿ ಕುಡಿತಕ್ಕೆ ಬಲಿಯಾದ ಬುದ್ಧಿಜೀವಿಯ ಪಾತ್ರವನ್ನು ಸ್ವತಃ ನಿರ್ವಹಿಸಿ, ತಮ್ಮ ಸೋಲನ್ನು ಮುಚ್ಚಿಡದೆ ತೆರೆಯ ಮೇಲಿಟ್ಟರು. 1976ರ ಫೆಬ್ರುವರಿ 6ರಂದು, ಐವತ್ತನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ನಿಧನರಾದರು.

ಚಿತ್ರನಿರ್ಮಾಣವನ್ನು ತಕ್ಕಡಿಯ ಒಂದು ತಟ್ಟೆಯಲ್ಲೂ ಅಧ್ಯಾಪನವನ್ನು ಇನ್ನೊಂದರಲ್ಲೂ ಇಟ್ಟರೆ ಅಧ್ಯಾಪನದ ತಟ್ಟೆಯೇ ಹೆಚ್ಚು ತೂಗುವುದೆಂಬುದು ಘಟಕ್ ಅವರ ಸ್ವಂತ ಅಭಿಪ್ರಾಯವಾಗಿತ್ತು. ಅವರ ಚಿತ್ರಗಳನ್ನು ಬಲ್ಲವರು ಇದನ್ನು ಪೂರ್ತಿಯಾಗಿ ಒಪ್ಪಲಾರರು. ‘ತಿತಾಶ್’ 2010ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪುನರುಜ್ಜೀವನಗೊಂಡಿತು. 2025ರಲ್ಲಿ ಘಟಕ್ ಅವರ ಜನ್ಮಶತಮಾನೋತ್ಸವವೂ ಬಂದುಹೋಯಿತು. ಆದರೂ ಒಂದು ಮಾತು ನಿಜ. ಅವರ ಚಿತ್ರಗಳು ತಮ್ಮ ಪ್ರೇಕ್ಷಕರನ್ನು ಕಂಡುಕೊಳ್ಳಲು ದಶಕಗಳೇ ಹಿಡಿದವು. ಪುಣೆಯ ಪಾಠ ಮಾತ್ರ ಕೆಲವೇ ವರ್ಷಗಳಲ್ಲಿ, ಗುರುವಿನ ಕಣ್ಣೆದುರಿಗೇ, ಶಿಷ್ಯರ ಕೈಯಲ್ಲಿ ಫಲ ನೀಡಿತ್ತು.