ಹಳೇ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ: ಮೊದಲು ಮದರ್‌ಬೋರ್ಡ್ ನೋಡಿ

ಪ್ರತಿ ಸೆಮಿಸ್ಟರ್ ಶುರುವಾದಾಗ ನಮ್ಮ ಬಳಗದಲ್ಲಿ ಕೇಳಿಬರೋ ಪ್ರಶ್ನೆ ಇದು: "ಮನೇಲಿರೋ ಪಿಸಿ ಆನ್ ಆಗೋಕೇ ಐದು ನಿಮಿಷ ತಗೊಳ್ಳುತ್ತೆ, ಹೊಸದು ತಗೋಬೇಕಾ?" ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ನಮ್ಮಂಥವರ ಮನೆಗಳಲ್ಲಿ ಇರೋದು ಅಣ್ಣನೋ ಅಕ್ಕನೋ ಓದುವಾಗ ತಂದ ಮಷೀನು, ಇಲ್ಲಾ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಫೈನಲ್ ಇಯರ್ ಪ್ರಾಜೆಕ್ಟ್ ಅದರಲ್ಲೇ ಮುಗೀಬೇಕು. ಫೀಸ್ ಕಟ್ಟಿದ ಮನೆಯಲ್ಲಿ ಮತ್ತೆ ಕಂಪ್ಯೂಟರಿಗೆ ದುಡ್ಡು ಕೇಳೋಕೆ ಬಾಯಿ ಬರಲ್ಲ. ಹಾಗಾಗಿ ನಾವು ಹೇಳೋದು, ಮೊದಲು ಎಸ್‌ಎಸ್‌ಡಿ ಹಾಕಿ ನೋಡಿ.

ಹಾರ್ಡ್ ಡಿಸ್ಕ್ ನಿಧಾನ ಯಾಕೆ ಗೊತ್ತಾ? ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸೋಕೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್‌ನ ಕೆಳಗೆ ಬರೋಕೆ ಸರಾಸರಿ ಅದರ ಅರ್ಧ. ಹೆಡ್ ಸರಿಯೋಕೆ ಇನ್ನೊಂದು 8–9. ಲೆಕ್ಕ ಹಾಕಿದರೆ ಅಲ್ಲಲ್ಲಿ ಚದುರಿದ ಚೂರುಗಳನ್ನು ಸೆಕೆಂಡಿಗೆ ಎಂಬತ್ತರಷ್ಟು ಮಾತ್ರ ಓದಬಹುದು. ವಿಂಡೋಸ್ ಏಳುವಾಗ ಓದೋದು ಸಾವಿರಾರು ಸಣ್ಣ ಫೈಲು. ತೋಟದಲ್ಲಿ ಮರಮರಕ್ಕೂ ಹತ್ತಿ ಇಳಿದು ಒಂದೊಂದೇ ಕಾಯಿ ಕೀಳೋ ಹಾಗೆ! ಎಸ್‌ಎಸ್‌ಡಿಯಲ್ಲಿ ತಿರುಗೋದು, ಸರಿಯೋದು ಯಾವುದೂ ಇಲ್ಲ; ಅದೇ ಕೆಲಸ ಸೆಕೆಂಡಿಗೆ ಸಾವಿರಗಟ್ಟಲೆ ಆಗುತ್ತೆ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ಸಂಖ್ಯೆ ಬೇರೆಯದು. ಸಾಟಾ ಎಸ್‌ಎಸ್‌ಡಿಗೆ ಸೆಕೆಂಡಿಗೆ ಸುಮಾರು 550 ಎಂಬಿ, ಎನ್‌ವಿಎಂಇಯಲ್ಲಿ 3500, 7000. ಅದು ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ. ಹಾರ್ಡ್ ಡಿಸ್ಕಿಂದ ಸಾಟಾಗೆ ಬಂದಾಗ ಆಗೋ ಬದಲಾವಣೆ ಕಣ್ಣಿಗೆ ಹೊಡೆಯುತ್ತೆ; ಸಾಟಾದಿಂದ ಎನ್‌ವಿಎಂಇಗೆ ಹೋದರೆ ಬೂಟ್‌ನಲ್ಲಿ ಉಳಿಯೋದು ಕೆಲವೇ ಸೆಕೆಂಡು.

ಈಗ ಬೋರ್ಡಿನ ವಿಷಯ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ 'ಬೇಸ್‌ಬೋರ್ಡ್ ಪ್ರಾಡಕ್ಟ್' ಅನ್ನೋ ಸಾಲು ನೋಡಿ. ಅಲ್ಲಿ ಎಚ್61 ಅಂತ ಇದ್ರೆ, ಆ ಚಿಪ್‌ಸೆಟ್‌ನ ಸಾಟಾ ಪೋರ್ಟುಗಳು 3 ಗಿಗಾಬಿಟ್‌ನವು. ಎಸ್‌ಎಸ್‌ಡಿ 550ರ ಬದಲು ಸುಮಾರು 270ರಲ್ಲಿ ಓಡುತ್ತೆ. ಪರವಾಗಿಲ್ಲ, ಸಣ್ಣ ಫೈಲುಗಳ ಲಾಭ ಬಹುತೇಕ ಹಾಗೇ ಸಿಗುತ್ತೆ. ಎಚ್81 ಆದರೆ ನಾಲ್ಕರಲ್ಲಿ ಎರಡು ಪೋರ್ಟು 6 ಗಿಗಾಬಿಟ್, ಅದಕ್ಕೇ ಸಿಕ್ಕಿಸಿ. ಇಂಥ ಬೋರ್ಡಿಗೆ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಬಹುದು ಅಂತ ಯಾರಾದ್ರೂ ಹೇಳಿದ್ರೆ, ಕೂರುತ್ತೆ ನಿಜ, ಆದ್ರೆ ಹಳೇ ಬಯೋಸ್ ಅದರಿಂದ ಸಾಮಾನ್ಯವಾಗಿ ಬೂಟ್ ಆಗಲ್ಲ. ಇನ್ನು ಎಂ.2 ಅನ್ನೋದು ಬರೀ ಆಕಾರದ ಹೆಸರು. ಕೆಲವು ಸ್ಲಾಟು ಸಾಟಾ ಮಾತ್ರ ತಗೊಳ್ಳುತ್ತೆ, ಕೆಲವು ಎನ್‌ವಿಎಂಇ ಮಾತ್ರ. ಬೋರ್ಡಿನ ಮ್ಯಾನುಯಲ್ ನೋಡದೆ ಕೊಳ್ಳಬೇಡಿ.

ಸಾಟಾ ಅಂತ ನಿಕ್ಕಿ ಆದ್ಮೇಲೆ ನೋಡಬೇಕಾದ್ದು ಒಳಗಿನ ಚಿಪ್ಪು. ಒಂದು ಕೋಶದಲ್ಲಿ ಟಿಎಲ್‌ಸಿ 3 ಬಿಟ್ ಇಡುತ್ತೆ, ಕ್ಯೂಎಲ್‌ಸಿ 4. ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಫೈಲು ಬರೆಯುತ್ತಾ ಕ್ಯಾಷ್ ತುಂಬಿದ ಮೇಲೆ ಹಾರ್ಡ್ ಡಿಸ್ಕಿಗಿಂತಲೂ ನಿಧಾನ ಆಗೋದುಂಟು. ಡೀರ‍್ಯಾಮ್ ಇದ್ದರೆ ಒಳ್ಳೇದು: ಸ್ಯಾಮ್‌ಸಂಗ್ 870 ಇವೋದಲ್ಲಿದೆ, ಕಿಂಗ್‌ಸ್ಟನ್ ಎ400ರಲ್ಲಿಲ್ಲ. ಹಾಗಂತ ಎ400 ಬೇಗ ಸಾಯುತ್ತೆ ಅಂತಲ್ಲ. ಅದರ 240 ಜಿಬಿ ಡ್ರೈವಿಗೆ ಕಂಪನಿ ಹೇಳೋ ಬರವಣಿಗೆಯ ಮಿತಿ 80 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಹತ್ತು ವರ್ಷ ದಾಟುತ್ತೆ. ನಾವಾದ್ರೆ ಬ್ರ್ಯಾಂಡಿಗಿಂತ ಮೊದಲು ವಾರಂಟಿ ನೋಡ್ತೀವಿ. ಹೆಸರೇ ಕೇಳದ ಕಂಪನಿಯ, ನಂಬಲಾಗದಷ್ಟು ಅಗ್ಗದ 2 ಟಿಬಿ ಡ್ರೈವ್ ಮುಟ್ಟೋದೇ ಇಲ್ಲ.

ಒಂದು ಮಾತು ಜೋರಾಗಿ ಹೇಳ್ಬೇಕು. ಹಾರ್ಡ್ ಡಿಸ್ಕ್ ಸಾಯೋ ಮೊದಲು ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡುತ್ತೆ, ಎಸ್‌ಎಸ್‌ಡಿ ಸುಮ್ಮನೆ ಹೋಗಿಬಿಡಬಹುದು, ಡೇಟಾ ವಾಪಸ್ ತೆಗೆಯೋದೂ ಕಷ್ಟ. ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಕ್ಷಣದ ಡೇಟಾ ಗೋವಿಂದ. ಹಳೇ ಡಿಸ್ಕನ್ನು ಬಿಸಾಡದೆ ಎರಡನೇ ಡ್ರೈವಾಗಿ ಇಟ್ಟುಕೊಂಡು ಪ್ರಾಜೆಕ್ಟ್ ಫೋಲ್ಡರಿನ ಕಾಪಿ ಅದಕ್ಕೂ ಪೆನ್‌ಡ್ರೈವಿಗೂ ಹಾಕಿ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಇಷ್ಟು ಹಳೇ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪಲ್ಲ. ಹೇಗೂ ಹೊಸದಾಗಿ ಇನ್‌ಸ್ಟಾಲ್ ಮಾಡ್ತೀರಲ್ಲ, ಲಿನಕ್ಸ್ ಮಿಂಟ್ ಹಾಕಿ ನೋಡಿ. ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇದೆಯಾ ನೋಡ್ಕೊಳ್ಳಿ. ಕ್ಯಾಬಿನೆಟ್ಟಿನಲ್ಲಿ 2.5 ಇಂಚಿನ ಜಾಗ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ತಿರುಗೋ ಭಾಗ ಇಲ್ಲದ್ದರಿಂದ ಒಂದೆರಡು ಸ್ಕ್ರೂ ಸಾಕು. ಸಾಟಾ ಕೇಬಲ್ ಮಾತ್ರ ಡಬ್ಬದಲ್ಲಿ ಸಾಮಾನ್ಯವಾಗಿ ಇರಲ್ಲ, ಜೊತೆಗೇ ಕೇಳಿ ತಗೊಳ್ಳಿ. ಗುಬ್ಬಿಗೆ ಹೋದ ಮೇಲೆ ನೆನಪಾದರೆ ಮತ್ತೆ ತುಮಕೂರಿನ ಬಸ್ ಹತ್ತಬೇಕು.