ಓಟ್ಸ್ ಬಿಲ್ಲೆ: ಒಂದು ಮನೆತಿನಿಸಿನ ಒಳಹೊರಗು

(ಬಾನುಲಿ ಭಾಷಣ)

ಕನ್ನಡ ಮೇಷ್ಟರೊಬ್ಬ ಅಡುಗೆಯನ್ನು ಕುರಿತು ಮಾತನಾಡಲು ಹೊರಟರೆ ಕೆಲವರಿಗೆ ಅದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಪಾಕಶಾಸ್ತ್ರ ನಮ್ಮ ಸಾಹಿತ್ಯಕ್ಕೆ ಹೊರಗಿನದಲ್ಲ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಮಳೆಯ ಲಕ್ಷಣ ತಿಳಿಯುವುದು ಮೊದಲಾದ ವಿಷಯಗಳೊಡನೆ ಅಡುಗೆಗೂ ಸ್ಥಾನ ಕೊಟ್ಟ, ಮುಮ್ಮಡಿ ಮಂಗರಸ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದ. ಆ ಹಿರಿಯರ ಬಲದಿಂದ ಇಂದು ಪರದೇಶದ ಒಂದು ತಿನಿಸನ್ನು ಶ್ರೋತೃಗಳ ಮುಂದಿಡುತ್ತಿದ್ದೇನೆ. ಅಮೆರಿಕದ ಮನೆಗಳಲ್ಲಿ ಗೃಹಿಣಿಯರು ಓವನ್ನಿನಲ್ಲಿ ಬೇಯಿಸುವ, ಒಣದ್ರಾಕ್ಷಿ ಬೆರೆತ, ಮೇಲೆ ಸಕ್ಕರೆಯ ಲೇಪವಿರುವ ಓಟ್ಸ್ ಬಿಲ್ಲೆಯೇ ಆ ತಿನಿಸು. ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬರುವ ನನ್ನ ವಯಸ್ಸಿನ ಹಲವರು ಇದರ ರುಚಿ ಬಲ್ಲರು. “ಇದು ಓಟ್ಸ್, ತಿನ್ನಿ, ಒಳ್ಳೆಯದು” ಎಂಬ ಉಪಚಾರದ ಮಾತನ್ನೂ ಕೇಳಿರುತ್ತಾರೆ. ಆ ‘ಒಳ್ಳೆಯದು’ ಎಂಬ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಕೊನೆಯಲ್ಲಿ ಲೆಕ್ಕ ಹಾಕೋಣ.

ಮೊದಲು ಹೆಸರಿನ ವಿಚಾರ. ‘ಕುಕಿ’ ಎಂಬುದು ಇಂಗ್ಲಿಷಿನ ಮೂಲಪದವಲ್ಲ. ‘ಪುಟ್ಟ ಕೇಕು’ ಎಂಬರ್ಥದ ಡಚ್ ಪದ ಅಮೆರಿಕಕ್ಕೆ ವಲಸೆ ಹೋದವರೊಡನೆ ಹೋಗಿ ಈ ರೂಪ ತಾಳಿತು. ಸಾಮಾನ್ಯವಾದ ಕುಕಿಯನ್ನು ಒಂದೊಂದಾಗಿ ಉಂಡೆ ಮಾಡಿ ತಟ್ಟೆಯ ಮೇಲಿಟ್ಟು ಬೇಯಿಸುತ್ತಾರೆ. ನಾನು ಹೇಳುತ್ತಿರುವ ಬಗೆಯಲ್ಲಿ ಹಾಗಲ್ಲ. ಹಿಟ್ಟನ್ನೆಲ್ಲ ಒಂದೇ ತಟ್ಟೆಗೆ ಹರಡಿ, ಬೇಯಿಸಿ, ಆರಿದ ಮೇಲೆ ಚಾಕುವಿನಿಂದ ಗೆರೆ ಎಳೆದು ಕತ್ತರಿಸುತ್ತಾರೆ. ನಮ್ಮ ಕೊಬ್ಬರಿ ಮಿಠಾಯಿಯನ್ನು ತಟ್ಟೆಗೆ ಸುರಿದು ಬಿಲ್ಲೆ ಮಾಡುವುದು ಹೀಗೆಯೇ. ಆದ್ದರಿಂದ ಇದನ್ನು ‘ಬಿಲ್ಲೆ’ ಎಂದು ಕರೆದರೆ ತಪ್ಪಾಗಲಾರದು. ಓಟ್ಸ್‌ಗೆ ನಿಘಂಟುಗಳಲ್ಲಿ ‘ತೋಕೆಗೋಧಿ’ ಎಂಬ ಸೊಗಸಾದ ಹೆಸರಿದೆ. ಆದರೆ ಅಂಗಡಿಯಲ್ಲಿ ಆ ಹೆಸರು ನಡೆಯದು. ಓಟ್ಸ್ ಎಂದೇ ಕೇಳಬೇಕು.

ಓಟ್ಸ್ ಬಡತನದ ಧಾನ್ಯ. ಸ್ಕಾಟ್ಲೆಂಡಿನ ಚಳಿ, ಮಳೆ, ತೆಳುವಾದ ಮಣ್ಣು ಇವುಗಳಲ್ಲಿ ಗೋಧಿ ಚೆನ್ನಾಗಿ ಮಾಗುವುದಿಲ್ಲ, ಓಟ್ಸ್ ಬೆಳೆಯುತ್ತದೆ. ಅಲ್ಲಿನ ರೈತರು ಶತಮಾನಗಳ ಕಾಲ ಅದರ ಗಂಜಿಯನ್ನೂ ರೊಟ್ಟಿಯನ್ನೂ ಉಂಡು ಬದುಕಿದರು. 1755ರಲ್ಲಿ ಹೊರಬಂದ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಧಾನ್ಯದ ಅರ್ಥ ಬರೆಯುವಾಗ, ಇಂಗ್ಲಿಷರ ಕುದುರೆಯ ಮೇವೇ ಸ್ಕಾಟರ ಊಟವೆಂದು ಕುಟುಕಿದ. ನಮ್ಮಲ್ಲಿಯೂ ರಾಗಿ ಉಣ್ಣುವವರನ್ನು ಅಕ್ಕಿ ಉಣ್ಣುವವರು ಕೀಳಾಗಿ ಕಂಡ ಕಾಲವಿತ್ತು. ಈಗ ರಾಗಿಗೂ ಓಟ್ಸ್‌ಗೂ ಆರೋಗ್ಯದ ಬಿರುದು ಬಂದಿದೆ. ಧಾನ್ಯ ಬದಲಾಗಲಿಲ್ಲ, ತಿನ್ನುವವರ ಅಂತಸ್ತು ಬದಲಾಯಿತು.

ಅಮೆರಿಕದಲ್ಲಿ ಈ ಧಾನ್ಯವನ್ನು ಮನೆಮನೆಗೆ ಮುಟ್ಟಿಸಿದ್ದು ಯಂತ್ರ ಮತ್ತು ಜಾಹೀರಾತು. 1850ರ ದಶಕದಲ್ಲಿ ಫರ್ಡಿನೆಂಡ್ ಶೂಮಾಕರ್ ಎಂಬ ಜರ್ಮನ್ ವಲಸೆಗಾರ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಓಟ್ಸ್ ಗಿರಣಿ ನಡೆಸತೊಡಗಿದ. 1877ರಲ್ಲಿ ಅದೇ ರಾಜ್ಯದ ಇನ್ನೊಂದು ಗಿರಣಿ ‘ಕ್ವೇಕರ್’ ಎಂಬ ಮುದ್ರೆಯನ್ನು ನೋಂದಾಯಿಸಿತು. ಮೂಟೆಯಿಂದ ಅಳೆದು ಮಾರುತ್ತಿದ್ದ ಕಾಳು ಚಿತ್ರವಿರುವ ಪೆಟ್ಟಿಗೆಯೊಳಗೆ ಸೇರಿತು. 20ನೆಯ ಶತಮಾನದ ಆರಂಭದಲ್ಲಿ ಪೆಟ್ಟಿಗೆಯ ಮೇಲೆಯೇ ಕುಕಿ ಮಾಡುವ ವಿಧಾನವನ್ನೂ ಅಚ್ಚು ಹಾಕಿದರು. ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಹೋಗುತ್ತಿದ್ದ ವಿದ್ಯೆ ರಟ್ಟಿನ ಮೇಲೆ ಬಂದು, ಒಂದು ದೇಶದ ತಿನಿಸೇ ಆಯಿತು.

ಪೆಟ್ಟಿಗೆಯೊಳಗಿನ ಓಟ್ಸ್ ಇಡಿಯ ಕಾಳಲ್ಲ. ಹೊಟ್ಟು ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡಿರುತ್ತಾರೆ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿ ಮಾಡುವ ನಮಗೆ ಇದು ಹೊಸತಲ್ಲ. ಇದು ಓಟ್ಸಿನ ಅವಲಕ್ಕಿಯೇ ಸರಿ. ಹಬೆಗೆ ಒಡ್ಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಗೋಧಿ, ಅಕ್ಕಿಗಳಿಗಿಂತ ಓಟ್ಸಿನಲ್ಲಿ ಕೊಬ್ಬು ಹೆಚ್ಚು. ಆ ಕೊಬ್ಬನ್ನು ಒಡೆದು ಕಮಟು ಹುಟ್ಟಿಸುವ ಕಿಣ್ವವೂ ಕಾಳಿನೊಳಗೇ ಇದೆ. ಹಬೆಯ ಶಾಖ ಆ ಕಿಣ್ವವನ್ನು ಅಡಗಿಸುತ್ತದೆ. ಅವಲಕ್ಕಿಯಲ್ಲಿ ಗಟ್ಟಿ, ತೆಳು ಎಂದಿರುವಂತೆ ಇಲ್ಲಿಯೂ ಎರಡು ಬಗೆ. ದಪ್ಪ ಅವಲು ಬಿಲ್ಲೆಗೆ ಅಗಿಯುವ ಗುಣ ಕೊಡುತ್ತದೆ. ಬೇಗ ಬೇಯುವ ತೆಳು ಅವಲು ಹಿಟ್ಟಿನಲ್ಲಿ ಕರಗಿಹೋಗುತ್ತದೆ. ಮಸಾಲೆ ಬೆರೆತ ಪೊಟ್ಟಣಗಳು ಇದಕ್ಕೆ ಒಗ್ಗುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಒಣದ್ರಾಕ್ಷಿಯ ಕಥೆ ನಮ್ಮ ನಾಡಿಗೂ ಬರುತ್ತದೆ. 1870ರ ದಶಕದಲ್ಲಿ ವಿಲಿಯಂ ಥಾಂಪ್ಸನ್ ಎಂಬ ಇಂಗ್ಲೆಂಡ್ ಮೂಲದ ಕೃಷಿಕ ಕ್ಯಾಲಿಫೋರ್ನಿಯದಲ್ಲಿ ಬೀಜವಿಲ್ಲದ ದ್ರಾಕ್ಷಿಯ ಬಳ್ಳಿಯೊಂದನ್ನು ಬೆಳೆಸಿದ. ಅಲ್ಲಿ ‘ಥಾಂಪ್ಸನ್ ಸೀಡ್‌ಲೆಸ್’ ಎಂಬ ಹೆಸರು ಪಡೆದ ಆ ತಳಿಯೇ ಇಂದು ವಿಜಯಪುರ ಜಿಲ್ಲೆಯ ತೋಟಗಳಲ್ಲಿಯೂ ಇದೆ. ಬಳ್ಳಿ ಒಂದೇ, ಒಣಗಿಸುವ ಕ್ರಮ ಬೇರೆ. ಕ್ಯಾಲಿಫೋರ್ನಿಯದ ಹಳೆಯ ಪದ್ಧತಿಯಲ್ಲಿ ಗೊಂಚಲುಗಳನ್ನು ಸಾಲುಗಳ ನಡುವೆ ಕಾಗದದ ಮೇಲೆ ಹರಡಿ ನೇರ ಬಿಸಿಲಿಗೆ ಬಿಡುತ್ತಾರೆ, ಹಣ್ಣು ಕಪ್ಪುಕಂದಾಗುತ್ತದೆ. ವಿಜಯಪುರದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆತ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಣದ ತಡೆಯನ್ನು ಸಡಿಲಿಸಿ, ನೆರಳಿನಲ್ಲಿ ಬಲೆಗಳ ಮೇಲೆ ಒಣಗಿಸುತ್ತಾರೆ. ಹಣ್ಣಿನ ಹಸಿರುಹೊನ್ನಿನ ಬಣ್ಣ ಉಳಿಯುತ್ತದೆ. ಬಿಲ್ಲೆಗೆ ಯಾವುದಾದರೂ ಆದೀತು. ನಮ್ಮದರಲ್ಲಿ ತುಸು ಹುಳಿ ಮುಂದಾಗಿರುವುದರಿಂದ ಸಕ್ಕರೆಯ ಲೇಪದ ಕೆಳಗೆ ಅದು ಹಿತವಾಗಿಯೇ ಇರುತ್ತದೆ.

ಇನ್ನು ಮಾಡುವ ಕ್ರಮ. ನಮ್ಮ ಅಡುಗೆ ಕಣ್ಣಳತೆಯದು, ಕೈಯಳತೆಯದು. ಹುಳಿಗೆ ಉಪ್ಪು ಕಡಿಮೆಯಾದರೆ ಕುದಿಯುವಾಗಲೇ ಸೇರಿಸಬಹುದು. ಬಡಿಸುವ ಮುನ್ನವೂ ಸೇರಿಸಬಹುದು. ಓವನ್ನಿನ ಅಡುಗೆಗೆ ಈ ಕ್ಷಮೆಯಿಲ್ಲ. ಬಾಗಿಲು ಮುಚ್ಚಿದ ಮೇಲೆ ತಿದ್ದುವಂತಿಲ್ಲ. ಅದಕ್ಕಾಗಿಯೇ ಆ ದೇಶದಲ್ಲಿ ಅಳತೆಗೆ ಅಷ್ಟು ಮಹತ್ವ. 1896ರಲ್ಲಿ ಪ್ರಕಟವಾದ ಬಾಸ್ಟನ್ ಅಡುಗೆ ಶಾಲೆಯ ಪುಸ್ತಕದಲ್ಲಿ ಫ್ಯಾನಿ ಫಾರ್ಮರ್ ಎಂಬಾಕೆ, ಬಟ್ಟಲನ್ನೂ ಚಮಚವನ್ನೂ ತುಂಬಿ ಅಂಚಿನ ಮಟ್ಟಕ್ಕೆ ಸವರಿಯೇ ಅಳೆಯಬೇಕೆಂದು ಕಟ್ಟುನಿಟ್ಟು ಮಾಡಿದಳು. ಆದರೆ ಒತ್ತಿ ತುಂಬಿದ ಬಟ್ಟಲಿಗೂ ಸಡಿಲವಾಗಿ ತುಂಬಿದ ಬಟ್ಟಲಿಗೂ ಹಿಟ್ಟಿನ ತೂಕದಲ್ಲಿ ವ್ಯತ್ಯಾಸವಾಗುತ್ತದೆ. ತಕ್ಕಡಿ ಇದ್ದರೆ ತೂಗುವುದೇ ಲೇಸು.

9 ಅಂಗುಲ ಅಗಲ, 13 ಅಂಗುಲ ಉದ್ದದ ತಟ್ಟೆಗೆ ಬೇಕಾದುದು ಇಷ್ಟು: ಓಟ್ಸ್ ಅವಲು 270 ಗ್ರಾಂ, ಮೈದಾ 190 ಗ್ರಾಂ, ಬೆಣ್ಣೆ 200 ಗ್ರಾಂ, ಕಂದು ಸಕ್ಕರೆ 150 ಗ್ರಾಂ, ಬಿಳಿ ಸಕ್ಕರೆ 100 ಗ್ರಾಂ, ಒಣದ್ರಾಕ್ಷಿ 150 ಗ್ರಾಂ, ಮೊಟ್ಟೆ 2, ಅಡುಗೆ ಸೋಡ 1 ಚಹಾ ಚಮಚ, ಚಕ್ಕೆಯ ಪುಡಿ 1 ಚಹಾ ಚಮಚ, ಉಪ್ಪು ಅರ್ಧ ಚಮಚ, ಸ್ವಲ್ಪ ವೆನಿಲಾ. ಬೆಣ್ಣೆಯಲ್ಲಿಯೇ ಉಪ್ಪಿದ್ದರೆ ಬೇರೆ ಉಪ್ಪು ಬೇಡ. ಮೊಟ್ಟೆ ಮುಟ್ಟದವರು ಅದರ ಬದಲು ಅರ್ಧ ಬಟ್ಟಲು ಗಟ್ಟಿ ಮೊಸರು ಹಾಕಬಹುದು. ಬಿಲ್ಲೆ ತುಸು ಮೆತ್ತಗಾಗುತ್ತದೆ. ಕಂದು ಸಕ್ಕರೆಯ ಬದಲು ಬೆಲ್ಲದ ಪುಡಿಯೂ ಆದೀತು. ಬಣ್ಣ ಮಾತ್ರ ಗಾಢವಾಗುತ್ತದೆ. ಓವನ್ನು ಚಿಕ್ಕದಾದರೆ ಎಲ್ಲವನ್ನೂ ಅರ್ಧಮಾಡಿ 8 ಅಂಗುಲದ ಚೌಕ ತಟ್ಟೆ ಬಳಸಬೇಕು.

ಮೊದಲು ದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ನೆನೆಸದ ದ್ರಾಕ್ಷಿ ಹಿಟ್ಟಿನ ತೇವವನ್ನು ತಾನೇ ಹೀರಿ ಬಿಲ್ಲೆಯನ್ನು ಒಣಗಿಸುತ್ತದೆ. ಬೆಣ್ಣೆ ಕರಗಿರಬಾರದು; ಬೆರಳೊತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿರಬೇಕು. ಅದಕ್ಕೆ ಎರಡೂ ಸಕ್ಕರೆ ಸೇರಿಸಿ ಬಣ್ಣ ತಿಳಿಯಾಗುವವರೆಗೆ ಕಡೆಯಬೇಕು. ಇದು ಬರಿಯ ಬೆರಸುವಿಕೆಯಲ್ಲ. ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಗಾಳಿಯ ಸಣ್ಣ ಗುಳ್ಳೆಗಳನ್ನು ಸೇರಿಸುತ್ತವೆ. ಕಂದು ಸಕ್ಕರೆಯಲ್ಲಿರುವ ಕಾಕಂಬಿಗೆ ಹುಳಿಯ ಗುಣವುಂಟು; ಅದು ಸೋಡದೊಡನೆ ಕೂಡಿದಾಗ ಇಂಗಾಲಾಮ್ಲ ವಾಯು ಹುಟ್ಟಿ ಆ ಗುಳ್ಳೆಗಳನ್ನು ಹಿಗ್ಗಿಸುತ್ತದೆ. ಗುಳ್ಳೆಗಳಿಲ್ಲದಿದ್ದರೆ ವಾಯುವಿಗೆ ನೆಲೆಯಿಲ್ಲ. ಕರಗಿದ ಬೆಣ್ಣೆಯಿಂದ ಮಾಡಿದ ಬಿಲ್ಲೆ ಒತ್ತಾಗಿ, ಗಟ್ಟಿಯಾಗಿ ಬರುವುದು ಇದರಿಂದಲೇ.

ಬಳಿಕ ಮೊಟ್ಟೆ, ವೆನಿಲಾ ಸೇರಿಸಿ, ಅನಂತರ ಜರಡಿ ಹಿಡಿದ ಮೈದಾ, ಸೋಡ, ಚಕ್ಕೆಪುಡಿ, ಉಪ್ಪನ್ನು ಬೆರಸಬೇಕು. ಓಟ್ಸಿಗೆ ಗೋಧಿಯಂತೆ ಜಿಗುಟು ಬರುವುದಿಲ್ಲ; ಬಿಲ್ಲೆಯನ್ನು ಹಿಡಿದಿಡುವುದಕ್ಕೆ ಮೈದಾ ಬೇಕೇ ಬೇಕು. ಆದರೆ ಮೈದಾ ಬಿದ್ದ ಮೇಲೆ ಹೆಚ್ಚು ಕಲಸಿದರೆ ಜಿಗುಟು ಬಲಿತು ತಿನಿಸು ನಾರಾಗುತ್ತದೆ. ಕೊನೆಯಲ್ಲಿ ಓಟ್ಸ್, ದ್ರಾಕ್ಷಿಗಳನ್ನು ಮರದ ಸೌಟಿನಿಂದ ಮಗುಚಿ, ಇಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು. ಆ ಹೊತ್ತಿನಲ್ಲಿ ಅವಲು ತನ್ನ ಪಾಲಿನ ತೇವವನ್ನು ಕುಡಿಯುತ್ತದೆ.

ಓವನ್ನನ್ನು 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿರಬೇಕು. ಕಾಗದ ಹಾಸಿದ ತಟ್ಟೆಗೆ ಹಿಟ್ಟನ್ನು ಸಮನಾಗಿ ಒತ್ತಿ, ನಡುವಣ ಹಂತದಲ್ಲಿಟ್ಟು 25ರಿಂದ 30 ನಿಮಿಷ ಬೇಯಿಸಬೇಕು. ಅಂಚು ಕಂದಾಗಿ, ನಡುಭಾಗ ಇನ್ನೂ ತುಸು ಮೆತ್ತಗಿರುವಾಗಲೇ ಹೊರತೆಗೆಯಬೇಕು. ತಟ್ಟೆಯಲ್ಲಿ ಉಳಿದ ಶಾಖ ಮಿಕ್ಕ ಕೆಲಸವನ್ನು ಮುಗಿಸುತ್ತದೆ. ಮೇಲಿನ ಕಂದು ಬಣ್ಣವೂ ಮನೆ ತುಂಬುವ ಘಮವೂ ಬಹುಮಟ್ಟಿಗೆ ಸಕ್ಕರೆಗಳು ಮತ್ತು ಪ್ರೋಟೀನಿನ ಘಟಕಗಳು ಶಾಖದಲ್ಲಿ ಕೂಡುವುದರ ಫಲ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್‌ನ ಹೆಸರೇ ಆ ಕ್ರಿಯೆಗೆ ನಿಂತಿದೆ. ನಾವು ರೊಟ್ಟಿ ಸುಟ್ಟಾಗ, ರವೆ ಹುರಿದಾಗ ಬರುವ ಪರಿಮಳಕ್ಕೂ ಅದೇ ಮೂಲ.

ಇನ್ನು ಲೇಪ. 60 ಗ್ರಾಂ ಬೆಣ್ಣೆ, 200 ಗ್ರಾಂ ಪುಡಿಸಕ್ಕರೆ, ಒಂದೂವರೆ ದೊಡ್ಡ ಚಮಚ ಹಾಲು, ಎರಡು ಹನಿ ವೆನಿಲಾ ಸೇರಿಸಿ ನುಣ್ಣಗೆ ಕಡೆದರೆ ಆಯಿತು. ಮನೆಯಲ್ಲಿ ಪುಡಿಮಾಡಿದ ಸಕ್ಕರೆಯಾದರೆ ತೆಳು ಬಟ್ಟೆಯಲ್ಲಿ ಶೋಧಿಸದೆ ಬಳಸಬಾರದು. ತರಿ ನಾಲಗೆಗೆ ತಗಲುತ್ತದೆ. ಬಿಲ್ಲೆ ಪೂರ್ತಿ ಆರುವ ತನಕ, ಎಂದರೆ ಒಂದು ಗಂಟೆಯಾದರೂ, ತಾಳ್ಮೆ ಬೇಕು. ಬಿಸಿಯ ಮೇಲೆ ಹಚ್ಚಿದರೆ ಬೆಣ್ಣೆ ಕರಗಿ ಲೇಪ ಇಳಿದುಹೋಗುತ್ತದೆ. ಹಚ್ಚಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ 24 ಬಿಲ್ಲೆಗಳಾಗಿ ಕತ್ತರಿಸಬಹುದು. ಮುಚ್ಚಿದ ಡಬ್ಬಿಯಲ್ಲಿ ಮೂರು ನಾಲ್ಕು ದಿನ ಕೆಡದು. ಕರಾವಳಿಯ ಸೆಕೆಯಲ್ಲಾದರೆ ಶೀತಕಪೆಟ್ಟಿಗೆಯೇ ಅದಕ್ಕೆ ಸ್ಥಳ.

ಈಗ ಮೊದಲು ಹೇಳಿದ ಲೆಕ್ಕ. ಓಟ್ಸಿನಲ್ಲಿ ಬೀಟಾಗ್ಲುಕನ್ ಎಂಬ ಕರಗುವ ನಾರು ಇದೆ. ಅದು ರಕ್ತದ ಕೊಲೆಸ್ಟರಾಲನ್ನು ಇಳಿಸಲು ನೆರವಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾಗ್ಲುಕನ್ ಎಂಬ ಪ್ರಮಾಣವನ್ನು ಆಧರಿಸಿ, 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಓಟ್ಸ್ ಪೆಟ್ಟಿಗೆಗಳ ಮೇಲೆ ಹೃದಯಕ್ಕೆ ಹಿತವೆಂಬ ಮಾತನ್ನು ಅಚ್ಚುಹಾಕಲು ಅನುಮತಿ ಕೊಟ್ಟಿತು. ಅಷ್ಟು ನಾರಿಗೆ ಸುಮಾರು 60 ಗ್ರಾಂ ಓಟ್ಸ್ ಬೇಕು. ನಮ್ಮ ಒಂದು ಬಿಲ್ಲೆಯಲ್ಲಿರುವುದು 11 ಗ್ರಾಂ. ಐದಾರು ಬಿಲ್ಲೆ ತಿಂದರೆ ಗುರಿ ಮುಟ್ಟಬಹುದು. ಆದರೆ ಒಂದು ತಟ್ಟೆಗೆ ಹಾಕಿದ ಸಕ್ಕರೆ, ಲೇಪವೂ ಸೇರಿ, 450 ಗ್ರಾಂ. ಬಿಲ್ಲೆಯೊಂದಕ್ಕೆ ಹತ್ತಿರಹತ್ತಿರ 19 ಗ್ರಾಂ ಆಯಿತು. ಐದಾರು ಬಿಲ್ಲೆಗೆ ನೂರು ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ಇಂಥ ಸಕ್ಕರೆಯಿಂದ ಬರುವ ಶಕ್ತಿ ದಿನದ ಆಹಾರದ ಶೇಕಡ 10ಕ್ಕಿಂತ ಕಡಿಮೆಯಿರಬೇಕು. ಸಾಮಾನ್ಯ ವಯಸ್ಕರಿಗೆ ಇದು ಸುಮಾರು 50 ಗ್ರಾಂ. ಇದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳಿತು. ಧಾನ್ಯದ ಒಳ್ಳೆಯ ಹೆಸರಿನ ನೆರಳಿನಲ್ಲಿ ಸಕ್ಕರೆ ಒಳಗೆ ಬಂದು ಕುಳಿತಿರುತ್ತದೆ.

ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವ ನಮ್ಮ ನಾಡಿನಲ್ಲಿ ಇದು ತಮಾಷೆಯಲ್ಲ. ಓಟ್ಸ್ ಬಿಸ್ಕತ್ತೆಂದು ಅಜ್ಜನಿಗೆ ದಿನವೂ ಎರಡು ಕೊಡುವ ಸೊಸೆಯ ಪ್ರೀತಿಯಲ್ಲಿ ಕೊರತೆಯಿಲ್ಲ, ತಿಳಿವಳಿಕೆಯಲ್ಲಿ ಇರಬಹುದು. ಪೊಟ್ಟಣದ ಮುಂಭಾಗದಲ್ಲಿ ಧಾನ್ಯದ ಹೆಸರು ದಪ್ಪಕ್ಷರದಲ್ಲಿರುತ್ತದೆ. ಹಿಂಭಾಗದಲ್ಲಿ ಸಕ್ಕರೆಯ ಲೆಕ್ಕ ಇರುವೆ ಸಾಲಿನಂತಿರುತ್ತದೆ. ಮನೆಯಲ್ಲಿ ಮಾಡುವವರಿಗೆ ಈ ಮೋಸವಿಲ್ಲ. ತನ್ನ ಕೈಯಿಂದಲೇ ತಕ್ಕಡಿಗೆ 200 ಗ್ರಾಂ ಪುಡಿಸಕ್ಕರೆ ಸುರಿದವಳಿಗೆ ಲೇಪದ ನಿಜ ತಿಳಿದಿರುತ್ತದೆ. ಆಕೆ ಬೇಕಾದರೆ ಅದನ್ನು 60 ಗ್ರಾಂಗೆ ಇಳಿಸಿ, ಹಾಲಿನಲ್ಲಿ ಕರಗಿಸಿ, ಬಿಲ್ಲೆಯ ಮೇಲೆ ಎಳೆಎಳೆಯಾಗಿ ಬಿಡಬಹುದು. ಆಗ ಬಿಲ್ಲೆಯೊಂದಕ್ಕೆ ಸಕ್ಕರೆ 13 ಗ್ರಾಂಗೆ ಇಳಿಯುತ್ತದೆ, ಅಂದವೂ ಕೆಡುವುದಿಲ್ಲ.

ಹಾಗಾದರೆ ಇದನ್ನು ತಿನ್ನಲೇಬಾರದೆ? ಹಾಗೆ ಹೇಳುವ ಒಣ ವೈರಾಗ್ಯ ನನ್ನದಲ್ಲ. ಹೋಳಿಗೆಯನ್ನು ನಾವು ಔಷಧಿಯೆಂದು ತಿನ್ನುವುದಿಲ್ಲ, ಹಬ್ಬವೆಂದು ತಿನ್ನುತ್ತೇವೆ. ವರ್ಷದ ಆ ದಿನ ತಿಂದು, ತೃಪ್ತಿಪಟ್ಟು, ಮರುದಿನ ಅನ್ನ ಸಾರಿಗೆ ಹಿಂದಿರುಗುತ್ತೇವೆ. ಓಟ್ಸ್ ಬಿಲ್ಲೆಗೂ ಅದೇ ಗೌರವ ಸಲ್ಲಲಿ. ಓಟ್ಸ್ ಆರೋಗ್ಯಕ್ಕಾಗಿ ಬೇಕೆನ್ನುವವರು ಬೆಳಗ್ಗೆ ಗಂಜಿ ಕಾಯಿಸಿ ಕುಡಿಯಲಿ. ಬಿಲ್ಲೆಯನ್ನು ಸಿಹಿಯೆಂದು ಒಪ್ಪಿಕೊಂಡು, ಮಕ್ಕಳು ಮನೆಗೆ ಬಂದ ದಿನ ಮಾಡಿ, ಎಲ್ಲರೂ ಹಂಚಿಕೊಂಡು ತಿನ್ನಲಿ.