ಕಲಾಕೃತಿ ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ?

ಹೊಸ ಬಗೆಯ ಕಲಾಪ್ರದರ್ಶನಕ್ಕೆ ಮೊದಲ ಸಲ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಇದರ ಅರ್ಥವೇನು?" ಗೋಡೆಯ ಮೇಲೆ ಚಿತ್ರವಿಲ್ಲ, ಪೀಠದ ಮೇಲೆ ವಿಗ್ರಹವಿಲ್ಲ. ಒಂದು ಕಡೆ ನೀರು ಗಿರಗಿರನೆ ಸುತ್ತುತ್ತಿದೆ; ಇನ್ನೊಂದು ಕಡೆ ಚಲನಚಿತ್ರ ಓಡುತ್ತಿದೆ; ಮತ್ತೊಂದು ಕೋಣೆಗೆ ಕಾಲಿಡಬೇಕಾದರೆ ಚಪ್ಪಲಿ ಬಿಟ್ಟು ನೀರಿಗಿಳಿಯಬೇಕು. ಅರ್ಥ ಹೊಳೆಯದಿದ್ದಾಗ "ಇದು ನಮ್ಮಂಥವರಿಗಲ್ಲ" ಎಂದುಕೊಂಡು ಹೊರಬರುವವರೇ ಹೆಚ್ಚು. ವಿದ್ಯಾರ್ಥಿಗಳು ಹೀಗೆ ಹಿಂದಿರುಗಿದರೆ ಅದು ದೊಡ್ಡ ನಷ್ಟ. ಇಂಥ ಕೃತಿಗಳನ್ನು ನೋಡಲು ಕಲೆಯ ಇತಿಹಾಸ ಬಾಯಿಪಾಠವಾಗಿರಬೇಕಾಗಿಲ್ಲ. ಅರ್ಥವನ್ನು ಕೇಳುವ ಮೊದಲು ಇನ್ನೊಂದು ಸರಳ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಈ ಕೃತಿ ನನ್ನನ್ನು ಎಲ್ಲಿ ನಿಲ್ಲಿಸಿದೆ? ದೂರದಲ್ಲೋ, ಅಂಚಿನಲ್ಲೋ, ಒಳಗೋ?

ನೆರೆಯ ಕೇರಳದ ಕೊಚ್ಚಿಯಲ್ಲಿ ಪ್ರದರ್ಶಿತವಾದ, ನನಗೆ ಬಹಳ ಮೆಚ್ಚಿಗೆಯಾದ ವಿದೇಶೀ ಕಲಾವಿದರ ಮೂರು ಕೃತಿಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಸಂತೆಯೂ ಬಿನಾಲೆಯೂ

ಕಲಾಮೇಳಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮಾರಾಟದ ಮೇಳ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1970ರಲ್ಲಿ ಆರಂಭವಾದ ಮೇಳ ಇಂಥದ್ದು. ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಂಗಳೂರಿನಲ್ಲಿ ನಡೆಸುವ ಚಿತ್ರಸಂತೆಯಲ್ಲಿಯೂ ಕೃತಿಗಳನ್ನು ಕೊಳ್ಳಬಹುದು. ಎರಡನೆಯ ಬಗೆ ಬಿನಾಲೆ. ಎರಡು ವರ್ಷಕ್ಕೊಮ್ಮೆ ನಡೆಯುವಂಥದ್ದು ಎಂಬುದು ಈ ಇಟಾಲಿಯನ್ ಪದದ ಅರ್ಥ. 1895ರಲ್ಲಿ ವೆನಿಸ್ ನಗರದಲ್ಲಿ ಇದರ ಪರಂಪರೆ ಮೊದಲಾಯಿತು. ಇಲ್ಲಿ ಮಾರಾಟಕ್ಕಿಂತ ಪ್ರದರ್ಶನವೇ ಮುಖ್ಯ.

ಭಾರತದಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ 2012ರ ಡಿಸೆಂಬರ್ 12ರಂದು ಆರಂಭವಾಯಿತು. ಇದಕ್ಕೆ ಹೊಸ ಸಭಾಂಗಣಗಳನ್ನು ಕಟ್ಟಿಸಲಿಲ್ಲ. ಮೆಣಸು, ಶುಂಠಿ, ತೆಂಗಿನೆಣ್ಣೆ, ನಾರಿನ ವ್ಯಾಪಾರ ನಡೆಯುತ್ತಿದ್ದ ಹಳೆಯ ಉಗ್ರಾಣಗಳೇ ಪ್ರದರ್ಶನದ ಕೋಣೆಗಳಾದವು. ಅವುಗಳಲ್ಲಿ ಪ್ರಮುಖವಾದುದು ಫೋರ್ಟ್ ಕೊಚ್ಚಿಯ ಕಡಲಂಚಿನಲ್ಲಿರುವ ಆಸ್ಪಿನ್‌ವಾಲ್ ಹೌಸ್. 2014ರ ಎರಡನೆಯ ಬಿನಾಲೆಯನ್ನು ಕಲಾವಿದ ಜಿತೀಶ್ ಕಲ್ಲಾಟ್ ರೂಪಿಸಿದರು. ಎರಡು ಸಂಗತಿಗಳು ಅವರ ಚಿಂತನೆಗೆ ಆಧಾರವಾಗಿದ್ದವು: ಹದಿನಾಲ್ಕನೆಯ ಶತಮಾನದ ಮಾಧವನಿಂದ ಮೊದಲಾದ ಕೇರಳದ ಗಣಿತ ಮತ್ತು ಖಗೋಳಶಾಸ್ತ್ರ ಪರಂಪರೆ, ಯೂರೋಪಿನ ನಾವಿಕರು ಈ ತೀರಕ್ಕೆ ಬಂದ ಕಾಲ. ನಮ್ಮ ಮೊದಲ ಎರಡು ಕೃತಿಗಳು ಈ ಬಿನಾಲೆಗೆ ಸೇರಿದವು.

ದೂರದಿಂದ

ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಅಮೆರಿಕದ ವಿನ್ಯಾಸಕಾರ ದಂಪತಿ. 1958ರಲ್ಲಿ ಇವರು ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸ್ಥಾಪನೆಗೆ ದಾರಿಮಾಡಿತು. 1977ರಲ್ಲಿ ಇವರು ತಯಾರಿಸಿದ 'ಪವರ್ಸ್ ಆಫ್ ಟೆನ್' ಸುಮಾರು ಒಂಬತ್ತು ನಿಮಿಷಗಳ ಚಿತ್ರ. ಷಿಕಾಗೋ ನಗರದ ಉದ್ಯಾನವೊಂದರಲ್ಲಿ ಊಟ ಮುಗಿಸಿ ಮಲಗಿರುವ ಮನುಷ್ಯನೊಬ್ಬನನ್ನು ಒಂದು ಮೀಟರ್ ಎತ್ತರದಿಂದ ಕ್ಯಾಮರಾ ನೋಡುತ್ತದೆ. ಅನಂತರ ಪ್ರತಿ ಹತ್ತು ಸೆಕೆಂಡಿಗೆ ಹತ್ತು ಪಟ್ಟು ದೂರ ಸರಿಯುತ್ತದೆ. 10 ಮೀಟರ್, 100 ಮೀಟರ್, 1,000 ಮೀಟರ್. ಹೀಗೆ ಇಪ್ಪತ್ತನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಅಂದರೆ ನಾಲ್ಕೇ ನಿಮಿಷಗಳಲ್ಲಿ, ನಾವು ಸುಮಾರು ಹತ್ತು ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುತ್ತೇವೆ! ನಮ್ಮ ಆಕಾಶಗಂಗೆಯೇ ಧೂಳಿನ ಕಣವಾಗಿ ಮರೆಯಾಗುತ್ತದೆ. ಅಲ್ಲಿಂದ ಹಿಂದಿರುಗಿದ ಕ್ಯಾಮರಾ ಆ ಮನುಷ್ಯನ ಕೈಯ ಚರ್ಮದೊಳಕ್ಕೆ ಇಳಿದು, ಜೀವಕೋಶವನ್ನು ದಾಟಿ, ಇಂಗಾಲದ ಪರಮಾಣುವಿನ ಒಳಗಿನ ಪ್ರೋಟಾನನ್ನು ಮುಟ್ಟುತ್ತದೆ.

ಘಾತಾಂಕದ ಲೆಕ್ಕವನ್ನು ನೀವು ತರಗತಿಯಲ್ಲಿ ಮಾಡಿದ್ದೀರಿ. ಆದರೆ ಒಂದು ಸೊನ್ನೆಯನ್ನು ಸೇರಿಸುವುದೆಂದರೇನು ಎಂಬುದು ಇಲ್ಲಿ ಎದೆಗೆ ತಟ್ಟುತ್ತದೆ. ಬಹು ದೂರದಿಂದಲೂ ಬಹು ಹತ್ತಿರದಿಂದಲೂ ನೋಡಿದಾಗ ಮನುಷ್ಯನೇ ಕಾಣುವುದಿಲ್ಲ! ಅವನು ಕಾಣಿಸುವುದು ನಡುವಣ ಕೆಲವೇ ಹೆಜ್ಜೆಗಳಲ್ಲಿ. ಯಾವುದನ್ನಾದರೂ ಕಾಣಬೇಕಾದರೆ ತಕ್ಕ ದೂರದಲ್ಲಿ ನಿಲ್ಲಬೇಕೆಂಬ ಪಾಠವನ್ನು ಈ ಚಿತ್ರ ಕಲಿಸುತ್ತದೆ.

ಅಂಚಿನಲ್ಲಿ

ಎರಡನೆಯದು ಅನಿಶ್ ಕಪೂರ್ ಅವರ 'ಡಿಸೆನ್ಷನ್', ಎಂದರೆ 'ಇಳಿತ'. 1954ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಶಿಲ್ಪಿ ಇವರು. ಆಸ್ಪಿನ್‌ವಾಲ್ ಹೌಸಿನಲ್ಲಿ ನೆಲದೊಳಗೆ ದುಂಡಾದ ಕೊಳವೊಂದನ್ನು ಮಾಡಿಸಿ, ಕಪ್ಪು ನೀರು ಬಿಡುವಿಲ್ಲದೆ ಸುಳಿಯಾಗಿ ಸುತ್ತುವಂತೆ ಯಂತ್ರವನ್ನು ಅಳವಡಿಸಿದ್ದರು. ಹೊರಗೆ ಸಮುದ್ರ, ಒಳಗೆ ಸುಳಿ.

ಇದರ ಹಿಂದಿನ ಭೌತಶಾಸ್ತ್ರ ಕಷ್ಟವಾದುದಲ್ಲ. ಲೋಟದ ಕಾಫಿಯನ್ನು ಚಮಚದಿಂದ ಜೋರಾಗಿ ತಿರುಗಿಸಿ ನೋಡಿ. ಅಂಚಿನಲ್ಲಿ ಕಾಫಿ ಮೇಲೇರುತ್ತದೆ, ನಡುವೆ ಗುಳಿ ಬೀಳುತ್ತದೆ. ದ್ರವವನ್ನು ವೃತ್ತದಲ್ಲಿ ಓಡಿಸಬೇಕಾದರೆ ಅದನ್ನು ಕೇಂದ್ರದ ಕಡೆಗೆ ತಳ್ಳುತ್ತಿರುವ ಬಲ ಬೇಕು. ಅಂಚಿನಲ್ಲಿ ಹೆಚ್ಚಿನ ಒತ್ತಡ, ನಡುವೆ ಕಡಿಮೆ ಒತ್ತಡ ಇರುವುದರಿಂದ ಈ ಬಲ ದೊರೆಯುತ್ತದೆ. ಒತ್ತಡ ಕಡಿಮೆಯಿರುವ ಕಡೆ ನೀರಿನ ಮಟ್ಟವೂ ತಗ್ಗುತ್ತದೆ. ಇನ್ನು ಬಣ್ಣದ ವಿಷಯ. ಕಪ್ಪು ನೀರು ಬೆಳಕನ್ನು ಹೀರಿಕೊಳ್ಳುವುದರಿಂದ ತಳ ಕಾಣದು; ತಳ ಕಾಣದಿದ್ದರೆ ಆಳವನ್ನು ಅಳೆಯಲು ಕಣ್ಣಿಗೆ ಆಧಾರವಿಲ್ಲ.

ವಿವರಣೆ ಇಷ್ಟೇ. ಆದರೆ ಕಾರಣ ತಿಳಿದ ಮೇಲೂ ಅಂಚಿನಲ್ಲಿ ನಿಂತವರ ಕಾಲು ಹಿಂಜರಿಯುತ್ತದೆ. ಬುದ್ಧಿಗೆ ಗೊತ್ತಿರುವುದಕ್ಕೂ ದೇಹ ನಂಬುವುದಕ್ಕೂ ಇರುವ ಅಂತರವನ್ನೇ ಶಿಲ್ಪಿ ಇಲ್ಲಿ ತನ್ನ ಸಾಮಗ್ರಿಯಾಗಿ ಬಳಸಿಕೊಂಡಿದ್ದಾರೆ. ಮುಂದೆ ಈ ಕೃತಿ 2015ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿಯೂ 2017ರಲ್ಲಿ ನ್ಯೂಯಾರ್ಕಿನಲ್ಲಿಯೂ ಪ್ರದರ್ಶಿತವಾಯಿತು.

ಒಳಗೆ

ಮೂರನೆಯ ಕೃತಿ 2016ರ ಬಿನಾಲೆಯದು. ಅದನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಲಾವಿದ ಸುದರ್ಶನ ಶೆಟ್ಟಿ. ಕೃತಿಕಾರ ಚಿಲಿ ದೇಶದ ಕವಿ ರಾವುಲ್ ಸುರಿತಾ. 1973ರ ಸೆಪ್ಟೆಂಬರ್ 11ರಂದು ಆ ದೇಶದಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡಾಗ ಬಂಧಿತರಾಗಿ, ಹಡಗೊಂದರ ತಳದಲ್ಲಿ ಸೆರೆಯಾಳಾಗಿದ್ದವರು ಇವರು.

ಅದಕ್ಕೂ ಒಂದು ವರ್ಷದ ಹಿಂದೆ, 2015ರ ಸೆಪ್ಟೆಂಬರ್ 2ರಂದು, ಟರ್ಕಿಯ ಕಡಲತೀರದಲ್ಲಿ ಬೋರಲಾಗಿ ಬಿದ್ದಿದ್ದ ಅಲಾನ್ ಕುರ್ದಿ ಎಂಬ ಸಿರಿಯಾದ ಮಗುವಿನ ಶವದ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಯುದ್ಧದಿಂದ ಪಾರಾಗಲು ಗ್ರೀಸಿನ ಕಡೆಗೆ ಹೊರಟಿದ್ದ ದೋಣಿ ಅಂದು ಮಗುಚಿತ್ತು. ಅದೇ ದೋಣಿಯಲ್ಲಿ ಅಲಾನನ ತಾಯಿಯೂ ಅಣ್ಣ ಗಾಲಿಪನೂ ಮುಳುಗಿ ಸತ್ತರು. ಲೋಕಕ್ಕೆ ನೆನಪಿರುವುದು ತಮ್ಮನ ಚಿತ್ರ. ಅಣ್ಣನಿಗೆ ಅಂಥ ಚಿತ್ರವಿಲ್ಲ.

ಸುರಿತಾ ತಮ್ಮ 'ನೋವಿನ ಸಮುದ್ರ' ಎಂಬ ಕೃತಿಯನ್ನು ಈ ಗಾಲಿಪನಿಗೆ ಅರ್ಪಿಸಿದರು. ಉದ್ದನೆಯ ಉಗ್ರಾಣವೊಂದರ ತುಂಬ ಸಮುದ್ರದ ನೀರು ತುಂಬಿಸಿದ್ದರು. ಪಕ್ಕದ ಗೋಡೆಗಳ ಮೇಲೆ ಪ್ರಶ್ನೆಗಳ ರೂಪದ ಸಾಲುಗಳು. ಎದುರಿಗೆ ಕೊನೆಯ ಗೋಡೆಯ ಮೇಲೆ ಕವಿತೆ. ಅದನ್ನು ಬಾಗಿಲಲ್ಲಿ ನಿಂತು ಓದಲಾಗದು. ಓದಬೇಕೆಂದರೆ ನೀರಿಗೆ ಇಳಿದು ನಡೆಯಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ಅವಸರದಿಂದ ಹೆಜ್ಜೆ ಹಾಕಲಾಗುವುದಿಲ್ಲ. ಬಟ್ಟೆ ಒದ್ದೆಯಾಗುತ್ತದೆ. ಅಷ್ಟು ನಿಧಾನವಾಗಿ ನಡೆದು ಗೋಡೆಯನ್ನು ತಲುಪಿದವರಿಗೆ ಅಲ್ಲಿ ಕಾಣುವುದು ಚಿತ್ರವಲ್ಲ, ಒಂದು ಹೆಸರು. ಆ ಹುಡುಗನನ್ನು ಕವಿ ತನ್ನ ಮಗನೆಂದೇ ಸ್ವೀಕರಿಸುತ್ತಾರೆ.

ಪರದೆಯ ಮಿತಿ

ದೂರದರ್ಶನಕ್ಕಾಗಿ ಕಾರ್ಯಕ್ರಮ ತಯಾರಿಸುವವರಿಗೆ ಈ ಮೂರನೆಯ ಕೃತಿ ಒಂದು ಸವಾಲು. ನಮ್ಮ ಪರದೆಯ ಮೇಲೆ ಎಲ್ಲವೂ ಒಂದೇ ದೂರದಲ್ಲಿರುತ್ತದೆ. ನೆರೆ, ಯುದ್ಧ, ಕ್ರಿಕೆಟ್, ನಕ್ಷತ್ರ, ಇವೆಲ್ಲವೂ ಮನೆಯ ಕುರ್ಚಿಯಿಂದ ಏಳೆಂಟು ಅಡಿ ಆಚೆ ನಡೆಯುತ್ತವೆ. 'ಪವರ್ಸ್ ಆಫ್ ಟೆನ್' ಚಿತ್ರವನ್ನು ಪರದೆಯ ಮೇಲೆ ಹೆಚ್ಚು ನಷ್ಟವಿಲ್ಲದೆ ತೋರಿಸಬಹುದು. ಸುಳಿಯನ್ನು ಅರ್ಧದಷ್ಟು ತೋರಿಸಬಹುದು. ಸುರಿತಾ ಅವರ ಕೋಣೆಯನ್ನು ಎಷ್ಟೇ ಚೆನ್ನಾಗಿ ಚಿತ್ರೀಕರಿಸಿದರೂ ನೋಡುವವರ ಕಾಲು ಒಣಗಿಯೇ ಇರುತ್ತದೆ. ಛಾಯಾಚಿತ್ರ ನೋಡಿ ಮರುಗಿದ ಜಗತ್ತು ಕೆಲವೇ ದಿನಗಳಲ್ಲಿ ಪುಟ ತಿರುವಿತು. ಹಾಗೆ ಸುಲಭವಾಗಿ ಪುಟ ತಿರುವಲಾಗದ ಜಾಗವೊಂದನ್ನು ಕವಿ ಕಟ್ಟಿದರು. ಇಂಥ ಕೃತಿಗಳನ್ನು ಇದ್ದಲ್ಲಿಗೇ ಹೋಗಿ ನೋಡಬೇಕೆಂದು ಹೇಳುವುದು ಈ ಕಾರಣಕ್ಕೇ.

ಮುಂದಿನ ಸಲ ನಿಮ್ಮ ಊರಿನಲ್ಲೋ ಬೇರೆ ಕಡೆಯಲ್ಲೋ ಕಲಾಪ್ರದರ್ಶನಕ್ಕೆ ಹೋದಾಗ ಸಣ್ಣ ಟಿಪ್ಪಣಿ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಿ. ಒಂದೊಂದು ಕೃತಿಯ ಮುಂದೆಯೂ ಮೂರು ವಿಷಯ ಬರೆದುಕೊಳ್ಳಿ: ಇದನ್ನು ಯಾವುದರಿಂದ ಮಾಡಿದ್ದಾರೆ? ಇದು ಹೇಗೆ ಕೆಲಸ ಮಾಡುತ್ತದೆ? ನಾನು ಎಲ್ಲಿ ನಿಂತಿದ್ದೇನೆ? ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ನೋಡಿ. ಪ್ರಯೋಗಶಾಲೆಯಲ್ಲಿ ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ ಎಂದು ಕಲಿತಿದ್ದೀರಲ್ಲವೇ? ಇಲ್ಲಿಯೂ ಕ್ರಮ ಅದೇ. "ಇದರ ಅರ್ಥವೇನು?" ಎಂಬ ಪ್ರಶ್ನೆಯನ್ನು ಕೊನೆಗೆ ಕೇಳಿ. ಆಗ ಉತ್ತರಕ್ಕೆ ಬೇಕಾದ ಸಾಮಗ್ರಿಯ ಬಹುಪಾಲು ನಿಮ್ಮ ಪುಸ್ತಕದಲ್ಲೇ ಇರುತ್ತದೆ.